ಪಾಸ್‌ಬುಕ್ಕಿನೊಳಗಿನ ಜೇಬುಗಳ್ಳ



ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ನೂಕುನುಗ್ಗಲು. ಒಬ್ಬ ನಿಮ್ಮ ಜೇಬಿಗೆ ಕೈ ಹಾಕಿದ. ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಎಗರಿಸಿದ. ನೀವು ಅವನ ಕೈ ಹಿಡಿದುಬಿಟ್ಟಿರಿ. ಮುಂದೇನು? ಕಂಡಕ್ಟರು ಸೀಟಿ ಊದುತ್ತಾನೆ, ನಾಲ್ಕು ಜನ ಕಾಲರ್ ಹಿಡಿಯುತ್ತಾರೆ, ಉಪ್ಪಾರಪೇಟೆ ಠಾಣೆ ಹೇಗೂ ಹತ್ತಿರದಲ್ಲೇ ಇದೆ.

ಅದೇ ಹದಿನೇಳು ರೂಪಾಯಿ ಎಪ್ಪತ್ತು ಪೈಸೆಯನ್ನು ನಿಮ್ಮ ಬ್ಯಾಂಕು ತೆಗೆದರೆ? ಮೊಬೈಲು ಒಮ್ಮೆ ಗುಂಯ್ ಅನ್ನುತ್ತದೆ. ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ನೀವು ನೋಡುತ್ತೀರಿ, ಏನೋ ಗೊಣಗುತ್ತೀರಿ, ಮೊಬೈಲು ಮತ್ತೆ ಜೇಬಿಗೆ ಹೋಗುತ್ತದೆ. ಅಲ್ಲಿಗೆ ಕತೆ ಮುಗಿಯಿತು!

ಈ ಹದಿನೇಳು ಎಪ್ಪತ್ತು ನಾನು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ಹದಿನೈದು ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 17 ರೂಪಾಯಿ 70 ಪೈಸೆ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಇದನ್ನು ವಸೂಲು ಮಾಡಿದ್ದು ಯಾರಿಂದ ಗೊತ್ತೇ? ಜೀರೋ ಬ್ಯಾಲೆನ್ಸ್ ಖಾತೆಯವರಿಂದ. ಜನಧನ ಖಾತೆಯೂ ಇದರಲ್ಲೇ ಸೇರಿತು. ಕೂಲಿಯವರು, ಮನೆಗೆಲಸದವರು, ಹೂವು ಮಾರುವವರು, ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನು ಇಟ್ಟುಕೊಳ್ಳುವ ಖಾತೆ ಅದು. ತಿಂಗಳಿಗೆ ನಾಲ್ಕು ಸಲ ಹಣ ತೆಗೆದರೆ ಉಚಿತ ಎಂಬ ನಿಯಮವಿತ್ತಲ್ಲ, ಫೋನಿನಲ್ಲಿ ಹತ್ತು ರೂಪಾಯಿ ಕೊಟ್ಟರೂ ಅದನ್ನು "ಹಣ ತೆಗೆದದ್ದು" ಎಂದೇ ಬ್ಯಾಂಕು ಎಣಿಸಿತು. ಐದನೆಯ ಸಲ ಕೊಟ್ಟರೆ 17.70, ಆರನೆಯದಕ್ಕೆ ಮತ್ತೆ 17.70. ಹತ್ತು ರೂಪಾಯಿಯ ಟೀಗೆ ಹದಿನೇಳು ರೂಪಾಯಿಯ ದಂಡ! ಬಾಂಬೆ ಐಐಟಿಯ ಪ್ರೊಫೆಸರ್ ಆಶಿಶ್ ದಾಸ್ ಕೂತು ಲೆಕ್ಕ ಹಾಕಿದರು. 2015ರಿಂದ 2020ರವರೆಗೆ ಸುಮಾರು 12 ಕೋಟಿ ಬಡವರ ಖಾತೆಗಳಿಂದ ಹೀಗೆ ಬ್ಯಾಂಕಿಗೆ ಬಂದದ್ದು 300 ಕೋಟಿ ರೂಪಾಯಿಗೂ ಹೆಚ್ಚು.

2020ರ ಆಗಸ್ಟ್‌ನಲ್ಲಿ ನೇರ ತೆರಿಗೆ ಮಂಡಳಿ, ಆ ವರ್ಷದ ಜನವರಿ 1ರಿಂದ ಡಿಜಿಟಲ್ ಪಾವತಿಗೆ ಹಿಡಿದದ್ದನ್ನೆಲ್ಲ ವಾಪಸು ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಸ್ಟೇಟ್ ಬ್ಯಾಂಕು ಸುಮಾರು 90 ಕೋಟಿ ಕೊಟ್ಟಿತು. ಅದಕ್ಕೂ ಹಿಂದಿನ, ಅಂದರೆ 2017ರ ಏಪ್ರಿಲ್‌ನಿಂದ 2019ರ ಡಿಸೆಂಬರ್‌ವರೆಗಿನ ಸುಮಾರು 164 ಕೋಟಿ? 2021ರ ನವೆಂಬರ್‌ನಲ್ಲಿ ವಿಷಯ ಪತ್ರಿಕೆಗಳಿಗೆ ಬಂದಾಗಲೂ ಅದು ಬ್ಯಾಂಕಿನ ಹೊಟ್ಟೆಯಲ್ಲೇ ಇತ್ತು.

ಇದನ್ನು ಓದಿ ಬ್ಯಾಂಕು ಎಂದರೇ ಹೀಗೆ ಬಿಡಿ ಎನ್ನಬೇಡಿ. ಬಡವನ ಕಾಸನ್ನು ನಂಬಿ ಬ್ಯಾಂಕು ಕಟ್ಟುವುದು ಹೇಗೆಂದು ಈ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ನಾಡು. ನಮ್ಮ ಕರಾವಳಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕೊಂದನ್ನು ಶುರು ಮಾಡಿದರು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನ ಬಾಗಿಲು ಹಾಕುವಾಗ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಲೆಕ್ಕದಲ್ಲಿ ಬರೆದಿಟ್ಟರು ನೋಡಿ! ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೆ ಬೀಜ ಹಾಕಿದರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿತು, 1928ರಲ್ಲಿ ಪಿಗ್ಮಿ ತಂದಿತು. ಪಿಗ್ಮಿ ಎಂದರೆ ಏನೆಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಬ್ಯಾಂಕಿನವನು ದಿನಾ ನಿಮ್ಮ ಮನೆ ಬಾಗಿಲಿಗೆ, ಅಂಗಡಿ ಗಲ್ಲಾಕ್ಕೆ ಬರುತ್ತಿದ್ದ. ಎರಡಾಣೆ ಕೊಟ್ಟರೂ ಕೈ ಚಾಚಿ ತೆಗೆದುಕೊಂಡು ಚೀಟಿ ಬರೆದುಕೊಡುತ್ತಿದ್ದ. ಎರಡಾಣೆ ಇಟ್ಟವಳನ್ನು "ನಿನ್ನ ಸರಾಸರಿ ಬ್ಯಾಲೆನ್ಸ್ ಸಾಲದಮ್ಮಾ" ಎಂದು ಯಾರೂ ದಂಡಿಸಲಿಲ್ಲ. 1931ರಲ್ಲಿ ಎ. ಬಿ. ಶೆಟ್ಟರು ವಿಜಯಾ ಬ್ಯಾಂಕು ಕಟ್ಟಿದರು. ಇತ್ತ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ 1913ರಲ್ಲೇ ಮೈಸೂರು ಬ್ಯಾಂಕು ಬಂದಿತ್ತು.

ಈಗ ಏನುಳಿದಿದೆ? 2017ರ ಏಪ್ರಿಲ್ 1ಕ್ಕೆ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿಗೆ ಹೋಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾಕ್ಕೆ ಹೋಯಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. (ಮೂರು ಸಲವೂ ಏಪ್ರಿಲ್ ಒಂದೇ! ಕನ್ನಡಿಗರನ್ನು ಮೂರ್ಖರನ್ನಾಗಿಸಲು ಬೇರೆ ದಿನ ಸಿಗಲಿಲ್ಲ ಎಂದು ಕೆಲವರು ನಗೆಯಾಡಿದ್ದರು. ಅದು ಹೊಸ ಆರ್ಥಿಕ ವರ್ಷದ ಮೊದಲ ದಿನ, ಅಷ್ಟೇ.) ಸರ್ಕಾರಿ ಬ್ಯಾಂಕುಗಳಲ್ಲಿ ಕೆನರಾ ಒಂದೇ ನಮ್ಮಲ್ಲಿ ತಲೆ ಎತ್ತಿ ನಿಂತಿರುವುದು. ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಇದೆ, ಬ್ಯಾಂಕು ಇಲ್ಲ.

ಹೆಸರು ಹೋದದ್ದಕ್ಕೆ ಅತ್ತು ಕೂರುವ ಹೊತ್ತು ಇದಲ್ಲ. ಹೆಸರಿನ ಜೊತೆ ಇನ್ನೊಂದೂ ಹೋಯಿತು, ಅದನ್ನು ನೋಡಿ. ಮೈಸೂರು ಬ್ಯಾಂಕಿನ ಖಾತೆದಾರರು ಸ್ಟೇಟ್ ಬ್ಯಾಂಕಿನವರಾದ ಅದೇ 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕು ಕನಿಷ್ಠ ಮೊತ್ತದ ದಂಡವನ್ನು ಮತ್ತೆ ಶುರು ಮಾಡಿತು. ಮಹಾನಗರದಲ್ಲಿ 5,000 ರೂಪಾಯಿ ಇರಲೇಬೇಕು, ಇಲ್ಲದಿದ್ದರೆ ದಂಡ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬರೀ ಎಂಟು ತಿಂಗಳಲ್ಲಿ ಬಾಚಿಕೊಂಡದ್ದು 1,771 ಕೋಟಿ ರೂಪಾಯಿ! ಆ ವರ್ಷ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಆ ಬ್ಯಾಂಕಿನ ನಿವ್ವಳ ಲಾಭವೇ ಸುಮಾರು 1,582 ಕೋಟಿ. ಅಂದರೆ ದೇಶದ ಅತಿ ದೊಡ್ಡ ಬ್ಯಾಂಕಿನ ಒಂದು ತ್ರೈಮಾಸಿಕದ ಲಾಭಕ್ಕಿಂತ, ಐದು ಸಾವಿರ ಇಡಲಾಗದವರಿಂದ ಎಂಟು ತಿಂಗಳಲ್ಲಿ ಕಿತ್ತದ್ದು ಹೆಚ್ಚು!

ಇದು ಒಂದು ಬ್ಯಾಂಕಿನ ಪುರಾಣವಲ್ಲ. 2023ರ ಆಗಸ್ಟ್‌ನಲ್ಲಿ ಹಣಕಾಸು ರಾಜ್ಯ ಮಂತ್ರಿಗಳು ರಾಜ್ಯಸಭೆಗೆ ಕೊಟ್ಟ ಉತ್ತರ ಇದೆ. 2018ರಿಂದ ಆಚೆಗೆ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಕನಿಷ್ಠ ಮೊತ್ತ ಇಡದ್ದಕ್ಕೆ ವಸೂಲು ಮಾಡಿದ್ದು 21,000 ಕೋಟಿಗೂ ಹೆಚ್ಚು. ಎಟಿಎಂ ಹೆಚ್ಚು ಬಳಸಿದ್ದಕ್ಕೆ 8,000 ಕೋಟಿಗೂ ಹೆಚ್ಚು. ನಿಮ್ಮ ದುಡ್ಡು ನಿಮ್ಮಿಂದ ಹೋಯಿತು ಎಂದು ನಿಮಗೇ ಎಸ್ಸೆಮ್ಮೆಸ್ ಕಳಿಸಿದ್ದಕ್ಕೆ 6,000 ಕೋಟಿಗೂ ಹೆಚ್ಚು. ಜೇಬುಗಳ್ಳ ಕದ್ದ ಮೇಲೆ "ಕದ್ದಿದ್ದೇನೆ" ಎಂದು ಕಾಗದ ಬರೆದು, ಅಂಚೆ ಖರ್ಚನ್ನೂ ನಿಮ್ಮ ಜೇಬಿನಿಂದಲೇ ತೆಗೆದುಕೊಂಡ ಹಾಗೆ!

ನಿಮ್ಮ ಮಾತಿಗೇ ಬರುತ್ತೇನೆ. ನಿಮಗೆ ಕೆಲಸ ಸಿಕ್ಕಿತು. ಪೀಣ್ಯದಲ್ಲೋ, ಬೊಮ್ಮಸಂದ್ರದಲ್ಲೋ, ವೈಟ್‌ಫೀಲ್ಡಿನ ಯಾವುದೋ ಗಾಜಿನ ಕಟ್ಟಡದಲ್ಲೋ. ಕಂಪನಿಯವರೇ ಸಂಬಳದ ಖಾತೆ ತೆರೆಸಿದರು. ಜೀರೋ ಬ್ಯಾಲೆನ್ಸ್, ಚಿಂತೆಯಿಲ್ಲ. ಎರಡು ವರ್ಷದಲ್ಲಿ ಕೆಲಸ ಬಿಟ್ಟಿರಿ, ಹೊಸ ಕಂಪನಿ ಸೇರಿದಿರಿ, ಅವರು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿದರು. ಹಳೆಯದರಲ್ಲಿ ಎರಡು ಸಾವಿರ ಉಳಿದಿತ್ತು, ಇರಲಿ ಬಿಡಿ ಎಂದಿರಿ. ಸಂಬಳ ಬೀಳುವುದು ನಿಂತು ಕೆಲವು ತಿಂಗಳಾದರೆ ಆ ಖಾತೆ ತಾನೇ ತಾನಾಗಿ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಸಾಕು. ಅಲ್ಲಿಂದ ಕನಿಷ್ಠ ಮೊತ್ತದ ನಿಯಮ ಶುರು. ಪ್ರತಿ ತಿಂಗಳೂ ಒಂದೊಂದು ತುತ್ತು. ವರ್ಷದ ಮೇಲೆ ನೋಡಿದರೆ ಸೊನ್ನೆ. ಆ ಎರಡು ಸಾವಿರ ಎಲ್ಲಿ ಹೋಯಿತೆಂದು ಕೇಳಲು ರಜೆ ಹಾಕಿ ಹೋಗಬೇಕು. ಎರಡು ಸಾವಿರಕ್ಕೆ ಯಾರು ರಜೆ ಹಾಕುತ್ತಾರೆ? ಬ್ಯಾಂಕಿನ ಇಡೀ ಲೆಕ್ಕಾಚಾರ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

"ಸರಾಸರಿ" ಎಂಬ ಮಾತನ್ನು ಬಹಳ ಜನ ತಿಳಿದೇ ಇಲ್ಲ. ದಿನದ ಕೊನೆಗೆ ಖಾತೆಯಲ್ಲಿ ಎಷ್ಟಿದೆಯೋ ಅದನ್ನು ತಿಂಗಳಿಡೀ ಕೂಡಿಸಿ, ದಿನಗಳಿಂದ ಭಾಗಿಸುತ್ತಾರೆ. ನಿಮ್ಮ ಕೈಗೆ 22,000 ಬಂತು ಎಂದಿಟ್ಟುಕೊಳ್ಳಿ. ಐದು ದಿನ ಅಷ್ಟೂ ಇತ್ತು. ಬಾಡಿಗೆ, ಊರಿಗೆ ಕಳಿಸಿದ್ದು ಕಳೆದು 8,000 ಐದು ದಿನ ಇತ್ತು. ಸೊಸೈಟಿ ಸಾಲ, ತಂಗಿಯ ಫೀಸು ಹೋಗಿ ಉಳಿದ 20 ದಿನ 1,500. ಕೂಡಿಸಿ ಭಾಗಿಸಿ: ಸರಾಸರಿ 6,000. ಬ್ಯಾಂಕು ಕೇಳುವುದು 10,000 ಎಂದಾದರೆ ಕೊರತೆ 4,000. ಕೊರತೆಯ ಮೇಲೆ ಶೇ. 6 ದಂಡ, ಇದು ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಕಾಣುವ ದರ. 240 ರೂಪಾಯಿ. ಜಿಎಸ್‌ಟಿ ಸೇರಿ 283 ರೂಪಾಯಿ 20 ಪೈಸೆ. ಅದೇ ತಿಂಗಳು ಅದೇ ಹಣಕ್ಕೆ ಅವರು ಕೊಡುವ ಬಡ್ಡಿ? 2025ರಲ್ಲಿ ದೊಡ್ಡ ಬ್ಯಾಂಕುಗಳು ಇಳಿಸಿದ ಶೇ. 2.5ರ ದರದಲ್ಲಿ ಹನ್ನೆರಡೂವರೆ ರೂಪಾಯಿ! ನಿಮ್ಮ ದುಡ್ಡನ್ನು ಬೇರೆಯವರಿಗೆ ಸಾಲ ಕೊಟ್ಟು ದುಡಿಸಿಕೊಂಡು, ನಿಮಗೆ ಹನ್ನೆರಡೂವರೆ ಕೊಟ್ಟು ಇನ್ನೂರ ಎಂಬತ್ತಮೂರು ಕಿತ್ತುಕೊಳ್ಳುವ ವ್ಯಾಪಾರ ಇದು.

ಬ್ಯಾಂಕಿನವರ ಮಾತನ್ನೂ ಕೇಳೋಣ. ಖಾತೆ ನಡೆಸಲು ಖರ್ಚಿದೆ, ಎಟಿಎಂಗೆ ಖರ್ಚಿದೆ, 2020ರಿಂದ ಯುಪಿಐಗೆ ಅಂಗಡಿಯವರಿಂದ ಶುಲ್ಕ ಹಿಡಿಯುವಂತಿಲ್ಲ, ನಾವೆಲ್ಲಿಗೆ ಹೋಗೋಣ ಅನ್ನುತ್ತಾರೆ. ಒಪ್ಪೋಣ. ಖರ್ಚಿದೆ. ಆದರೆ ಆ ಖರ್ಚು ಐದು ಲಕ್ಷ ಇಟ್ಟವನಿಗೂ ಇದೆ, ಐನೂರು ಇಟ್ಟವಳಿಗೂ ಇದೆ. ಐನೂರಿನವಳ ಕೈಯಿಂದಲೇ ಏಕೆ ವಸೂಲಿ? ದೊಡ್ಡವರ ವಿಷಯದಲ್ಲಿ ಇದೇ ಬ್ಯಾಂಕುಗಳು ಎಷ್ಟು ನಾಜೂಕು! 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ದೇಶ ಬಿಟ್ಟಾಗ ಬ್ಯಾಂಕುಗಳ ಒಕ್ಕೂಟ ಹೇಳುತ್ತಿದ್ದ ಬಾಕಿ ಸುಮಾರು 9,000 ಕೋಟಿ. ಆಮೇಲೆ ಆಸ್ತಿ ಮಾರಿ ವಸೂಲಾಯಿತು, ನಿಜ. ಆದರೆ ಅದಕ್ಕೆ ಟ್ರಿಬ್ಯುನಲ್ಲು ಬೇಕಾಯಿತು, ಕೋರ್ಟು ಬೇಕಾಯಿತು, ವಕೀಲರು ಬೇಕಾದರು, ವರ್ಷಗಟ್ಟಲೆ ಬೇಕಾಯಿತು. ನಿಮ್ಮ 283 ರೂಪಾಯಿಗೆ ಕೋರ್ಟಿಲ್ಲ, ವಕೀಲನಿಲ್ಲ, ನೋಟೀಸಿಲ್ಲ. ದೂರು ಕೊಡುವವನೂ ಬ್ಯಾಂಕು, ತೀರ್ಪು ಹೇಳುವವನೂ ಬ್ಯಾಂಕು, ಜಪ್ತಿಗೆ ಬರುವ ಅಮೀನನೂ ಬ್ಯಾಂಕೇ.

ಬೇರೆ ಕಡೆ ಹೋಗೋಣವೆಂದರೆ ಎಲ್ಲಿಗೆ? ಸಹಕಾರಿ ಬ್ಯಾಂಕು ಎಂದು ಹೋದ ಬಸವನಗುಡಿಯ ಹಿರಿಯರನ್ನು ಕೇಳಿ. 2020ರ ಜನವರಿಯಲ್ಲಿ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಬೀಗ ಹಾಕಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟವರು ರಸ್ತೆಯಲ್ಲಿ ನಿಂತರು. ಅದು ಬೇರೆಯದೇ ರೋಗ. ಅದಕ್ಕೆ ಹೆದರಿದವರೆಲ್ಲ ಮತ್ತೆ ಓಡಿಬರುವುದು ಈ ದೊಡ್ಡ ಬ್ಯಾಂಕುಗಳ ಬಾಗಿಲಿಗೇ. ಇವರಿಗೂ ಅದು ಗೊತ್ತು.

ಈಗ ಭಾಷೆಯ ವಿಷಯ. ಶುಲ್ಕಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಖಾತೆ ತೆರೆಯುವಾಗ ನೀವು ಎಷ್ಟು ಕಡೆ ಸಹಿ ಹಾಕಿದಿರಿ, ನೆನಪಿದೆಯೇ? ಪೆನ್ಸಿಲಿನಲ್ಲಿ ಗುರುತು ಮಾಡಿ "ಇಲ್ಲಿ, ಇಲ್ಲಿ, ಇಲ್ಲಿ" ಎಂದರು, ಹಾಕಿದಿರಿ. ಶುಲ್ಕದ ಕಾಗದ ಇಂಗ್ಲಿಷಿನಲ್ಲಿತ್ತು, ಸಾಸಿವೆ ಕಾಳಿನಷ್ಟು ಅಕ್ಷರ. ನಿಮಗೆ ಇಂಗ್ಲಿಷ್ ಬರುತ್ತದೆ, ಸರಿ. ನಿಮ್ಮ ಅಮ್ಮನಿಗೆ? ಅವರ ಖಾತೆಯಿಂದ ವರ್ಷಕ್ಕೊಮ್ಮೆ 436 ರೂಪಾಯಿ, 20 ರೂಪಾಯಿ ಹೋಗುತ್ತಿದ್ದರೆ ಅದು ಸರ್ಕಾರದ ವಿಮೆಯ ಕಂತು. ಒಳ್ಳೆಯ ಯೋಜನೆಯೇ. ಆದರೆ ಅದಕ್ಕೆ ಒಪ್ಪಿ ಸಹಿ ಹಾಕಿದ್ದು ಅವರಿಗೆ ಗೊತ್ತೇ? ಒಮ್ಮೆ ಕೇಳಿ ನೋಡಿ. ಓದಲು ಬಾರದ ಕಾಗದಕ್ಕೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನಾಚಿಕೆಯಾಗಬೇಕು.

ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್ಕು, ಗ್ರಾಹಕರು ಬಳಸುವ ಇಂಥ ಅಚ್ಚಿನ ಕಾಗದವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ ಮೂರರಲ್ಲೂ ಸಿಗಬೇಕು ಎಂದು ರಿಸರ್ವ್ ಬ್ಯಾಂಕು ಹೇಳುತ್ತಲೇ ಬಂದಿದೆ. ನಿಮ್ಮ ಶಾಖೆಯಲ್ಲಿ ಮೂರನೆಯ ಭಾಷೆ ಎಲ್ಲಿದೆ ಹುಡುಕಿ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದಲ್ಲಿ ಸ್ಟೇಟ್ ಬ್ಯಾಂಕಿನ ಅಧಿಕಾರಿಯೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದು ಗ್ರಾಹಕನ ಮುಖಕ್ಕೇ ಹೇಳಿದಾಗ ನಾಡೆಲ್ಲ ಎದ್ದಿತು, ಮುಖ್ಯಮಂತ್ರಿಗಳು ಖಂಡಿಸಿದರು, ವರ್ಗಾವಣೆಯಾಯಿತು. ಎದ್ದದ್ದು ಸರಿಯೇ. ಆದರೆ ಒಬ್ಬರ ವರ್ಗಾವಣೆಯಿಂದ ಶುಲ್ಕದ ಪಟ್ಟಿ ಕನ್ನಡವಾಗುವುದಿಲ್ಲ. ಕೌಂಟರಿನಲ್ಲಿ ನಮಸ್ಕಾರ ಎಂದರೆ ಸಾಲದು. ಎಷ್ಟು ಹಿಡಿಯುತ್ತೀರಿ, ಯಾಕೆ ಹಿಡಿಯುತ್ತೀರಿ, ಯಾವಾಗ ಹಿಡಿಯುತ್ತೀರಿ ಎಂಬುದು ಕನ್ನಡದಲ್ಲಿ ಗೋಡೆಯ ಮೇಲಿರಬೇಕು, ಎಸ್ಸೆಮ್ಮೆಸ್ಸಿನಲ್ಲಿ ಬರಬೇಕು.

ಕೂಗಿದರೆ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಲೆಕ್ಕ ಕೊಡುತ್ತೇನೆ. ಆ 1,771 ಕೋಟಿಯ ಸುದ್ದಿ ಬಂದು ಜನ ಉಗಿದ ಮೇಲೆ ಸ್ಟೇಟ್ ಬ್ಯಾಂಕು 2018ರಲ್ಲಿ ದಂಡ ಇಳಿಸಿತು, 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗೆ ಪೂರ್ತಿ ತೆಗೆದೇ ಹಾಕಿತು. 2025ರ ಜೂನ್ 1ರಿಂದ ನಮ್ಮ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡ ಕೈಬಿಟ್ಟಿತು. ಹಿಂದೆಯೇ ಹಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. ಅದೇ 2025ರ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕು ನಗರದ ಹೊಸ ಗ್ರಾಹಕರಿಗೆ ಹತ್ತು ಸಾವಿರವಿದ್ದ ಕನಿಷ್ಠ ಸರಾಸರಿಯನ್ನು ಒಂದೇ ಏಟಿಗೆ 50,000 ಮಾಡಿತು. ಇದು ಬ್ಯಾಂಕುಗಳಿಗೆ ಬಿಟ್ಟದ್ದು ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಕೈ ಝಾಡಿಸಿದರು. ಆದರೆ ಜನ ಬಿಡಲಿಲ್ಲ. ಕೆಲವೇ ದಿನಗಳಲ್ಲಿ 50,000 ಹೋಗಿ 15,000 ಆಯಿತು.

ಹಾಗಾದರೆ ನೀವು ಮಾಡಬೇಕಾದ್ದೇನು? ಇವತ್ತು ಕೂತು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯಿರಿ. ನಿಮ್ಮದು ಮಾತ್ರವಲ್ಲ, ಅಪ್ಪ ಅಮ್ಮನದು, ಪಕ್ಕದ ಮನೆಯ ಅಜ್ಜಿಯದು, ನಿಮ್ಮ ಬೀದಿಯ ಇಸ್ತ್ರಿ ಅಂಗಡಿಯವರದು. ಕಡಿತದ ಸಾಲುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಆಮೇಲೆ ಈ ನಿಯಮಗಳನ್ನು ತಲೆಯಲ್ಲಿಟ್ಟುಕೊಳ್ಳಿ. ಕನಿಷ್ಠ ಮೊತ್ತಕ್ಕಿಂತ ಕಡಿಮೆಯಾದರೆ ಮೊದಲು ತಿಳಿಸಬೇಕು, ತುಂಬಲು ಒಂದು ತಿಂಗಳ ಅವಕಾಶ ಕೊಡಬೇಕು, ಕೊರತೆ ಎಷ್ಟೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು, ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂದು ರಿಸರ್ವ್ ಬ್ಯಾಂಕು 2014ರ ನವೆಂಬರ್‌ನಲ್ಲಿ ಹೇಳಿತು, 2015ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಎರಡು ವರ್ಷ ಮುಟ್ಟದೆ ನಿಷ್ಕ್ರಿಯವಾದ ಖಾತೆಗೆ 2024ರ ಏಪ್ರಿಲ್ 1ರಿಂದ ಈ ದಂಡ ಹಾಕುವಂತೆಯೇ ಇಲ್ಲ, ಅದನ್ನು ಮತ್ತೆ ಚಾಲೂ ಮಾಡಲೂ ದುಡ್ಡು ಕೇಳುವಂತಿಲ್ಲ. ಇನ್ನೊಂದು ಮಾತನ್ನು ಯಾವ ಬ್ಯಾಂಕೂ ಬೋರ್ಡು ಹಾಕಿ ಹೇಳುವುದಿಲ್ಲ: ಇರುವ ಉಳಿತಾಯ ಖಾತೆಯನ್ನೇ ಮೂಲ ಉಳಿತಾಯ ಖಾತೆಯಾಗಿ ಬದಲಿಸಿ ಎಂದು ನೀವು ಕೇಳಬಹುದು. ಅದಕ್ಕೆ ಕನಿಷ್ಠ ಮೊತ್ತವೇ ಇಲ್ಲ. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು, ಅಷ್ಟೇ. ಅಮ್ಮನ ಖಾತೆಗೆ ಇದಕ್ಕಿಂತ ಬೇರೆ ಏನು ಬೇಕು?

ಕೌಂಟರಿನಲ್ಲಿ ಕೂಗಾಡಬೇಡಿ. ಅಲ್ಲಿ ಕೂತ ಹುಡುಗ ಈ ದರ ಮಾಡಿದವನಲ್ಲ. ಅವನಿಗೂ ಮೇಲಿನಿಂದ ವಿಮೆ ಮಾರು, ಕಾರ್ಡು ಮಾರು ಎಂಬ ಗುರಿ ಹೊರಿಸಿದ್ದಾರೆ. ಕಾಗದ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. "ಶಾಖಾ ವ್ಯವಸ್ಥಾಪಕರಿಗೆ, ನನ್ನ ಈ ಸಂಖ್ಯೆಯ ಖಾತೆಯಿಂದ ಇಂಥ ತಾರೀಖು ಇಷ್ಟು ಹಣ ಕಡಿತವಾಗಿದೆ. ಯಾವ ನಿಯಮದ ಕೆಳಗೆ ಹಿಡಿದಿರಿ, ನನಗೆ ಯಾವ ದಿನ ಮುಂಚಿತವಾಗಿ ತಿಳಿಸಿದಿರಿ, ನಾನು ಒಪ್ಪಿ ಸಹಿ ಹಾಕಿದ ಕಾಗದದ ನಕಲು ಎಲ್ಲಿದೆ ತಿಳಿಸಿ. ಇಲ್ಲವಾದರೆ ಹಣ ವಾಪಸು ಜಮಾ ಮಾಡಿ." ನಾಲ್ಕು ಸಾಲು ಸಾಕು.

ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ವಿಚಾರಿಸಬಹುದು. 2021ರಲ್ಲಿ ಈ ವ್ಯವಸ್ಥೆಯನ್ನೆಲ್ಲ ಒಂದುಗೂಡಿಸಿದಾಗ ದೂರಿನ ಕಾಗದ ಪಡೆಯುವ ಕೇಂದ್ರವನ್ನು ದೂರದ ಚಂಡೀಗಢದಲ್ಲಿಟ್ಟರು. ಆದರೆ ಯಾವ ಭಾಷೆಯ ಕಾಗದವನ್ನಾದರೂ ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಹೇಳಿದ್ದನ್ನು ಮಾಡಿ ತೋರಿಸಲಿ. ಚಂಡೀಗಢಕ್ಕೆ ಕನ್ನಡದ ಕಾಗದ ಮೂಟೆ ಮೂಟೆ ಹೋಗಲಿ.

ಒಂದು ಮಾತು ಮರೆಯಬೇಡಿ. ಅರ್ಜಿಗೆ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಶಾಖೆಯ ಮೊಹರು, ಸಹಿ, ತಾರೀಖು ಮೂರನ್ನೂ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಎಂದರೆ ಕದಲಬೇಡಿ. ಮೂವತ್ತು ದಿನದ ಲೆಕ್ಕಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಮೊಹರಿನ ತಾರೀಖೊಂದೇ.